ನಲ್ಲಿ ನಿಂತರೆ ಸೇವೆಯೂ ನಿಂತಂತೆ

(ಸಂಸ್ಥೆಯ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)





'ವಿದ್ಯಾರ್ಥಿಗಳು ಮತ್ತು ಸಮಾಜ ಸೇವೆ' ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡರು. ವಿಷಯ ಬಹಳ ದೊಡ್ಡದು. ನಾನು ಉರ್ದು ಮತ್ತು ಕನ್ನಡ ಕಲಿಸುವ ಒಬ್ಬ ಸಾಮಾನ್ಯ ಶಿಕ್ಷಕಿ. ಆದ್ದರಿಂದ ಈ ದೊಡ್ಡ ವಿಷಯವನ್ನು ಒಂದು ನಲ್ಲಿಯ ಮಟ್ಟಕ್ಕೆ ಇಳಿಸಿಕೊಂಡು ಮಾತನಾಡುತ್ತೇನೆ. ಹಳ್ಳಿಯ ಒಂದು ಶಾಲೆಯ ಗೋಡೆಗೆ ನಾವೇ ಹಾಕಿದ, ಆಮೇಲೆ ಮುರಿದುಹೋದ ಒಂದು ನಲ್ಲಿ ಅದು.

ಮೈಸೂರಿನವರಾದ ನಮಗೆ ನೀರಿನ ಬಗ್ಗೆ ಯೋಚಿಸುವ ಅಭ್ಯಾಸ ಕಡಿಮೆ. ನಮ್ಮ ಊರಿನಲ್ಲಿ ವಾಣಿವಿಲಾಸ ನೀರು ಸರಬರಾಜು ಸಂಸ್ಥೆ ಆರಂಭವಾದದ್ದು 1896ರಲ್ಲಿ. ಅಂದರೆ ನಮ್ಮ ಮುತ್ತಜ್ಜಂದಿರ ಕಾಲದಿಂದಲೂ ಈ ಊರಿಗೆ ನಲ್ಲಿ ನೀರು ಗೊತ್ತು. ಒಂದು ದಿನ ನೀರು ಬಾರದಿದ್ದರೆ ಬೀದಿಯಲ್ಲಿ ಬಿಂದಿಗೆಗಳ ಸಾಲು, ಸ್ವಲ್ಪ ಜಗಳ, ಕಚೇರಿಗೆ ಒಂದು ಫೋನು, ಅಷ್ಟೆ. ಆದರೆ ನಗರದ ಅಂಚು ದಾಟಿದರೆ ಕಥೆ ಬೇರೆ. 2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿ ಗ್ರಾಮದಲ್ಲಿ ಏನಾಯಿತೆಂದು ನಿಮಗೆ ನೆನಪಿರಬಹುದು. ಕಲುಷಿತ ನೀರಿನಿಂದ ಹತ್ತಾರು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಒಬ್ಬ ಯುವಕ ತೀರಿಕೊಂಡ. ಇದು ಯಾವುದೋ ದೂರದ ಬರಪೀಡಿತ ಜಿಲ್ಲೆಯ ಸುದ್ದಿಯಲ್ಲ. ನಮ್ಮ ಊರಿನ ಮಗ್ಗುಲಲ್ಲಿ ನಡೆದದ್ದು. ಆ ಹಳ್ಳಿಗೂ ನೀರು ಬರುತ್ತಿತ್ತು. ಬರುವ ನೀರು ಕುಡಿಯಲು ಯೋಗ್ಯವೇ ಎಂದು ಪ್ರತಿದಿನ ನೋಡಿಕೊಳ್ಳುವ ಕಣ್ಣು ಇರಲಿಲ್ಲ.

ಗೆಳೆಯರೇ, ಈ ಕಣ್ಣು ಯಾರದಾಗಬೇಕು ಎಂಬುದೇ ನನ್ನ ಇಂದಿನ ಮಾತಿನ ತಿರುಳು.

ಎಂಟು ವಿದ್ಯಾರ್ಥಿಗಳ ಕಥೆ

ಮೊದಲು ಒಂದು ಒಳ್ಳೆಯ ಉದಾಹರಣೆ ಕೊಡುತ್ತೇನೆ. ಮಧ್ಯ ಅಮೆರಿಕದಲ್ಲಿ ಬೆಲೀಜ್ ಎಂಬ ಪುಟ್ಟ ದೇಶವಿದೆ. ಅಲ್ಲಿ ಸ್ಯಾನ್ ಪಾಬ್ಲೋ ಎಂಬ ಹಳ್ಳಿ. 2000ನೇ ಇಸವಿಯಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಬರ್ನಾರ್ಡ್ ಅಮಾಡೈ ಆ ಹಳ್ಳಿಗೆ ಹೋದರು. ಅಲ್ಲಿ ವಿದ್ಯುತ್ ಇರಲಿಲ್ಲ, ನಲ್ಲಿ ಇರಲಿಲ್ಲ. ನದಿಯಿಂದ ನೀರು ಹೊತ್ತು ತರುವುದು ಹೆಣ್ಣುಮಕ್ಕಳ ಕೆಲಸವಾಗಿತ್ತು. ನೀರು ಹೊರುವ ಹುಡುಗಿಯರು ಶಾಲೆಗೆ ಹೋಗುತ್ತಿರಲಿಲ್ಲ. ಮರುವರ್ಷ ಅವರು ತಮ್ಮ ಎಂಟು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಮತ್ತೆ ಹೋಗಿ, ಹಳ್ಳಿಯ ಹತ್ತಿರದ ಜಲಪಾತದ ಶಕ್ತಿಯಿಂದಲೇ ನೀರೆತ್ತುವ ವ್ಯವಸ್ಥೆಯನ್ನು ಊರಿನ ಜನರ ಜೊತೆ ಸೇರಿ ಮಾಡಿದರು. ಖರ್ಚಾದದ್ದು ಸುಮಾರು 14,000 ಡಾಲರ್. ಈ ಅನುಭವದಿಂದ 2002ರಲ್ಲಿ ಅಮೆರಿಕದಲ್ಲಿ 'ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್' ಸಂಸ್ಥೆ ಹುಟ್ಟಿತು. ಗಡಿಗಳಿಲ್ಲದ ಎಂಜಿನಿಯರುಗಳು ಎಂದು ಅದರ ಅರ್ಥ.

ಇದನ್ನು ಕೇಳಿ ನಮ್ಮ ಮಕ್ಕಳಿಗೆ ಅನ್ನಿಸಬಹುದು, "ಮೇಡಂ, ಅವರಿಗೆ ಡಾಲರ್ ಇದೆ, ವಿಮಾನ ಇದೆ, ನಮಗೇನಿದೆ?" ಎಂದು. ಅವರಿಗೆ ಹೊರದೇಶದ ಹಳ್ಳಿ ಯಾವುದೋ, ನಮಗೆ ಅದು ಬಸ್ಸು ಹೋಗುವಷ್ಟು ಹತ್ತಿರ. ಅಮೆರಿಕದ ಕಾರ್ನೆಲ್‌ನಂಥ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಕಲಿಯುವುದಕ್ಕಾಗಿ ಸಮುದ್ರ ದಾಟಿ ನಮ್ಮ ಮೈಸೂರಿಗೆ ಬಂದಿದ್ದಾರೆ. ಅವರನ್ನು ಬರಮಾಡಿಕೊಂಡದ್ದು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್. ಆ ಸಂಸ್ಥೆಯನ್ನು 1984ರಲ್ಲಿ ಕಟ್ಟಿದವರು ಯಾರು? ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು, ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು. ನಿಮಗಿಂತ ನಾಲ್ಕೈದು ವರ್ಷ ದೊಡ್ಡವರು, ಅಷ್ಟೆ. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿ ಅವರು ವೈದ್ಯಕೀಯ ಸೇವೆ ಆರಂಭಿಸಿದರು. ಅಲ್ಲಿಯೇ ಉಳಿದರು ಎಂಬುದನ್ನು ಗಮನಿಸಿ. ಒಂದು ವಾರದ ಶಿಬಿರ ಮುಗಿಸಿ ಬಸ್ ಹತ್ತಲಿಲ್ಲ.

ನಮ್ಮ ಶಿಬಿರ

ಬಸ್ ಹತ್ತಿದವರ ಕಥೆ ನನ್ನದು. ಅದನ್ನೂ ಹೇಳಿಬಿಡುತ್ತೇನೆ.

ಹತ್ತು ಹನ್ನೆರಡು ವರ್ಷಗಳ ಹಿಂದೆ ನಾನು ಬಿ.ಎಡ್. ಓದುತ್ತಿದ್ದಾಗ ಪೌರತ್ವ ತರಬೇತಿ ಶಿಬಿರಕ್ಕೆ ನಮ್ಮನ್ನು ನಂಜನಗೂಡಿನ ಆಚೆಯ ಒಂದು ಹಳ್ಳಿಗೆ ಕರೆದೊಯ್ದಿದ್ದರು. ಬೆಳಗ್ಗೆ ಪ್ರಭಾತಫೇರಿ, ಶ್ರಮದಾನ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ. ಆ ವರ್ಷ ನಾವು ಕೆಲವರು ಉತ್ಸಾಹದಿಂದ ಹಣ ಕೂಡಿಸಿ, ಸರ್ಕಾರಿ ಶಾಲೆಯ ಮಾಳಿಗೆಯಿಂದ ಮಳೆನೀರು ಹಿಡಿಯುವ ವ್ಯವಸ್ಥೆ ಮಾಡಿದೆವು. ಪಿವಿಸಿ ಪೈಪು, ಜಲ್ಲಿ ಮರಳು ಇದ್ದಿಲು ತುಂಬಿದ ಒಂದು ಡ್ರಮ್ಮು, ಅದರ ಪಕ್ಕ ಸಿಂಟೆಕ್ಸ್ ಟ್ಯಾಂಕು, ಟ್ಯಾಂಕಿನಿಂದ ಗೇಟಿನ ಹತ್ತಿರದ ಗೋಡೆಗೆ ಒಂದು ನಲ್ಲಿ. ಗೇಟಿನ ಹತ್ತಿರ ಯಾಕೆ? ನಮ್ಮ ಹೆಸರಿನ ಫಲಕ ಅಲ್ಲೇ ಇತ್ತು. ಉದ್ಘಾಟನೆಗೆ ಬಂದ ಅತಿಥಿಗಳು ಟೇಪು ಕತ್ತರಿಸಿ ನಲ್ಲಿ ತಿರುಗಿಸಿದರು. ಚಪ್ಪಾಳೆ ಬಿತ್ತು, ಫೋಟೊ ತೆಗೆದರು, ಪತ್ರಿಕೆಯಲ್ಲೂ ಬಂತು. ಅಮ್ಮೀಜಾನ್ ಆ ತುಣುಕನ್ನು ಕತ್ತರಿಸಿ ಅಲ್ಮೇರಾದಲ್ಲಿಟ್ಟರು.

ಒಂದು ವರ್ಷದ ಮೇಲೆ ಗೆಳತಿಯೊಬ್ಬಳ ಮದುವೆಗೆ ಆ ದಾರಿಯಲ್ಲಿ ಹೋದಾಗ ನಮ್ಮ ಟ್ಯಾಂಕನ್ನು ನೋಡುವ ಆಸೆಯಿಂದ ಶಾಲೆಯ ಹತ್ತಿರ ಇಳಿದೆ. ಗೋಡೆಯಲ್ಲಿ ನಲ್ಲಿ ಇರಲಿಲ್ಲ. ನಲ್ಲಿ ಇದ್ದ ತೂತಿಗೆ ಬಟ್ಟೆ ತುರುಕಿದ್ದರು. ಡ್ರಮ್ಮಿನ ತುಂಬ ಬೇವಿನ ಎಲೆ ಕೊಳೆತು ಕಪ್ಪಾಗಿತ್ತು. ಪೈಪು ಒಂದು ಕಡೆ ಕಳಚಿ ನೇತಾಡುತ್ತಿತ್ತು. ಫಲಕ ಮಾತ್ರ ಗಟ್ಟಿಯಾಗಿತ್ತು.

ಬಿಸಿಯೂಟ ಮಾಡುವ ಅಮ್ಮ ಹೊರಗೆ ಬಂದರು. "ಏನಮ್ಮಾ ಹೀಗಾಗಿದೆ?" ಎಂದು ಕೇಳಿದೆ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. "ನಲ್ಲಿ ಮುರ್ದೋಯ್ತು ಟೀಚರಮ್ಮ. ಯಾರ್ನ ಕೇಳದು ಅಂತ ಗೊತ್ತಾಗ್ನಿಲ್ಲ. ಆ ಬೇವಿನ್ ಮರದ್ ಎಲೆಯೆಲ್ಲ ಮಾಳ್ಗೆ ಮ್ಯಾಲೇ ಬೀಳದು. ಪೈಪು ಕಟ್ಕತದೆ ಅಂತ ನಮ್ಗೆ ಅವತ್ತೇ ಗೊತ್ತಿತ್ತು. ನೀವ್ ಕೇಳಿದ್ರೆ ಯೋಳ್ತಿದ್ದೊ" ಎಂದರು.

ನೀವು ಕೇಳಿದ್ದರೆ ಹೇಳುತ್ತಿದ್ದೆವು. ಐದು ದಿನ ಅದೇ ಶಾಲೆಯಲ್ಲಿ ಮಲಗಿದ್ದೆವು. ಅದೇ ಅಮ್ಮ ಮಾಡಿದ ಉಪ್ಪಿಟ್ಟು ತಿಂದಿದ್ದೆವು. ಒಮ್ಮೆಯೂ ಅವರನ್ನು ಕೇಳಿರಲಿಲ್ಲ. ಕೆಲವೇ ರೂಪಾಯಿಯ ಒಂದು ನಲ್ಲಿಗಾಗಿ ಸಾವಿರಾರು ರೂಪಾಯಿಯ ಕೆಲಸ ಬಿದ್ದುಹೋಗಿತ್ತು. ಮದುವೆ ಮನೆಯಲ್ಲಿ ಆ ದಿನ ಊಟ ರುಚಿಸಲಿಲ್ಲ.

ಇದು ನಮ್ಮೊಬ್ಬರ ತಪ್ಪಲ್ಲ

ಆಮೇಲೆ ಈ ಬಗ್ಗೆ ಓದಲು ಆರಂಭಿಸಿದೆ. ಆಗ ತಿಳಿದದ್ದು, ಲೋಕವೆಲ್ಲ ಇದೇ ತಪ್ಪು ಮಾಡುತ್ತಿದೆ ಎಂದು. ಕೆನಡಾದ ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆ 2008ರಿಂದ ತನ್ನ ಸೋಲುಗಳ ವರದಿಯನ್ನು ತಾನೇ ಪ್ರಕಟಿಸತೊಡಗಿತು. ಸಾಧನೆಯ ವರದಿಯನ್ನು ಎಲ್ಲರೂ ಅಚ್ಚು ಹಾಕಿಸುತ್ತಾರೆ. ಸೋಲಿನ ವರದಿ ಅಚ್ಚು ಹಾಕಿಸಲು ಎದೆಗಾರಿಕೆ ಬೇಕು. ಆ ಸಂಸ್ಥೆಯ ಡೇವಿಡ್ ಡ್ಯಾಂಬರ್ಗರ್ ಎಂಬ ಎಂಜಿನಿಯರ್ 2011ರಲ್ಲಿ ಒಂದು ಭಾಷಣದಲ್ಲಿ ಆಫ್ರಿಕದ ಮಲಾವಿ ದೇಶದ ಒಂದು ನೀರಿನ ಯೋಜನೆಯ ಬಗ್ಗೆ ಹೇಳಿದರು. ಹಾಕಿದ್ದ 113 ನಲ್ಲಿಗಳಲ್ಲಿ 81 ಒಂದೂವರೆ ವರ್ಷದೊಳಗೆ ಕೆಟ್ಟು ನಿಂತಿದ್ದವು. ಅಲ್ಲಿಂದ ಕೂಗಳತೆಯಲ್ಲೇ ಹತ್ತು ವರ್ಷ ಹಿಂದೆ ಬೇರೆ ದೇಶದವರು ಹಾಕಿಸಿದ್ದ, ಹೆಚ್ಚುಕಡಿಮೆ ಅಂಥದೇ ಇನ್ನೊಂದು ವ್ಯವಸ್ಥೆ ಆಗಲೇ ಕೆಟ್ಟು ಬಿದ್ದಿತ್ತು! ಅದೇ ಭಾಷಣದಲ್ಲಿ ಅವರು ಇನ್ನೊಂದನ್ನೂ ಒಪ್ಪಿಕೊಂಡರು. ತಾವೇ ಮುಂದೆ ನಿಂತು ನಮ್ಮ ಭಾರತದ ಶಾಲೆಗಳಲ್ಲಿ ಮಾಡಿಸಿದ್ದ ಮಳೆನೀರಿನ ವ್ಯವಸ್ಥೆಗಳು ಕೂಡ ನೋಡಿಕೊಳ್ಳುವವರಿಲ್ಲದೆ ಕೆಟ್ಟುಹೋಗಿದ್ದವು ಎಂದು. ಅದನ್ನು ಕೇಳಿದಾಗ ನನಗೆ ಆ ಬೇವಿನ ಎಲೆಗಳೇ ಕಣ್ಣ ಮುಂದೆ ಬಂದವು.

ನಮ್ಮ ರಾಜ್ಯದ ಅನುಭವವೂ ಇದೇ. ಕರ್ನಾಟಕ ಏಕೀಕರಣದ ಸುವರ್ಣ ವರ್ಷದಲ್ಲಿ, 2006-07ರ ಸುಮಾರಿಗೆ, ಸರ್ಕಾರ 'ಸುವರ್ಣ ಜಲ' ಎಂಬ ಯೋಜನೆ ತಂದಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳಲ್ಲಿ ಮಳೆನೀರು ಹಿಡಿಯುವ ಉದ್ದೇಶ ಅದರದು. ಉದ್ದೇಶ ಉತ್ತಮವಾದದ್ದೇ. ಆದರೆ ಎಷ್ಟೋ ಶಾಲೆಗಳಲ್ಲಿ ಟ್ಯಾಂಕು ಬಳಕೆಗೇ ಬರಲಿಲ್ಲ.

ಹಾಗಾದರೆ ಇದು ಆಗದ ಕೆಲಸವೇ? ಅಲ್ಲ. ಬೆಂಗಳೂರಿನ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರ ಮನೆ 1990ರ ದಶಕದಿಂದಲೂ ಮಳೆನೀರಿನ ಮೇಲೆಯೇ ನಡೆದುಕೊಂಡು ಬಂದಿದೆ. ಆಕಾಶದಿಂದ ಬೀಳುವ ನೀರು ಒಂದೇ. ಅಲ್ಲಿ ಮನೆಯವರೇ ನೋಡಿಕೊಳ್ಳುತ್ತಾರೆ, ಇಲ್ಲಿ ನೋಡಿಕೊಳ್ಳುವವರು ಯಾರೆಂದು ಗೊತ್ತುಮಾಡಿರಲಿಲ್ಲ. ವ್ಯತ್ಯಾಸ ಅಷ್ಟೆ.

ಜಾರಿಯಾ ಎಂಬ ಮಾತು

ಭಾಷಾ ಶಿಕ್ಷಕಿಯಾದ್ದರಿಂದ ಒಂದು ಪದದ ಬಗ್ಗೆ ಹೇಳಲೇಬೇಕು. ನೀರು ಕೊಡುವುದನ್ನು ನಾವು 'ಸದಕಾ ಜಾರಿಯಾ' ಎನ್ನುತ್ತೇವೆ. ತೀರಿಹೋದ ತಂದೆತಾಯಿಯರ ಹೆಸರಿನಲ್ಲಿ ಬೋರ್‌ವೆಲ್ ಹಾಕಿಸುತ್ತೇವೆ, ವಾಟರ್ ಕೂಲರ್ ಇಡಿಸುತ್ತೇವೆ. 'ಜಾರಿ' ಎಂದರೆ ಹರಿಯುತ್ತಿರುವ, ನಡೆಯುತ್ತಿರುವ ಎಂದರ್ಥ. ಕನ್ನಡದಲ್ಲೂ 'ಕಾನೂನು ಜಾರಿಯಲ್ಲಿದೆ' ಎನ್ನುತ್ತೇವಲ್ಲ, ಅದೇ ಪದ. ಹರಿಯುತ್ತಿದ್ದರೆ ತಾನೇ ಜಾರಿಯಾ? ನಲ್ಲಿ ಮುರಿದು ಬಿದ್ದ ಮೇಲೆ ಗೋಡೆಯ ಮೇಲಿನ ಹೆಸರು ಮಾತ್ರ ಉಳಿದರೆ ಅದನ್ನು ಏನೆಂದು ಕರೆಯೋಣ?

ನಮ್ಮ ಹಿರಿಯರು ಇದನ್ನು ಅರಿತಿದ್ದರು. ಮದೀನಾದ ರೂಮಾ ಬಾವಿಯನ್ನು ಹಝ್ರತ್ ಉಸ್ಮಾನ್(ರ) ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟದ್ದು ನಿಮಗೆ ಗೊತ್ತು. ಖಲೀಫಾ ಹಾರೂನ್ ರಶೀದರ ಪತ್ನಿ ಝುಬೈದಾ ಮಕ್ಕಾಕ್ಕೆ ನೀರು ತರಿಸಿದ ಕಾಲುವೆ ಇಂದಿಗೂ ಅವರ ಹೆಸರಿನಲ್ಲೇ ಪ್ರಸಿದ್ಧ. ಆದರೆ ಝುಬೈದಾ ಒಮ್ಮೆ ಕಟ್ಟಿಸಿದರು, ಅದು ತಾನಾಗಿ ನೂರಾರು ವರ್ಷ ಹರಿಯಿತು ಎಂದು ತಿಳಿಯಬೇಡಿ. ಮತ್ತೆ ಮತ್ತೆ ಅದರ ದುರಸ್ತಿ ನಡೆಯಿತು. ಹದಿನಾರನೇ ಶತಮಾನದಲ್ಲಿ ತುರ್ಕಿಯ ರಾಜಕುಮಾರಿ ಮಿಹ್ರಿಮಾ ಅದರ ದುರಸ್ತಿಗೆ ಹಣ ಕೊಟ್ಟರು. ಹಿಂದೆ ವಕ್ಫ್ ಮಾಡುವವರು ಬಾವಿಯನ್ನಷ್ಟೇ ಬಿಡುತ್ತಿರಲಿಲ್ಲ, ಬಾವಿಯನ್ನು ನೋಡಿಕೊಳ್ಳಲು ಅಂಗಡಿಯನ್ನೋ ಜಮೀನನ್ನೋ ಬಿಡುತ್ತಿದ್ದರು. ಅದರ ಬಾಡಿಗೆಯಿಂದ ಹಗ್ಗ, ಬಿಂದಿಗೆ, ಹೂಳೆತ್ತುವವರ ಕೂಲಿ.

ದೂರ ಹೋಗುವುದು ಬೇಡ, ನಮ್ಮ ಬೀದರ್‌ಗೆ ಬನ್ನಿ. ಬಹಮನಿ ಸುಲ್ತಾನರ ಕಾಲದಲ್ಲಿ, ಹದಿನೈದನೇ ಶತಮಾನದಲ್ಲಿ, ಪರ್ಷಿಯಾದ ವಿದ್ಯೆಯನ್ನು ತಂದು ಅಲ್ಲಿ 'ಕರೇಜ್' ತೋಡಿದರು. ಕೆಂಪು ಮುರಕಲ್ಲಿನ ನೆಲದೊಳಗೆ ಸುರಂಗ ಕೊರೆದು, ಮೇಲಿನಿಂದ ಸಾಲಾಗಿ ಬಾವಿಯಂಥ ಕಿಂಡಿಗಳನ್ನು ಇಳಿಸಿ, ಯಾವ ಯಂತ್ರವೂ ಇಲ್ಲದೆ ಇಳಿಜಾರಿನಲ್ಲೇ ನೀರು ಹರಿಯುವಂತೆ ಮಾಡಿದ ವ್ಯವಸ್ಥೆ. ಆ ಕಿಂಡಿಗಳು ಬರೀ ಗಾಳಿಗಲ್ಲ, ಒಳಗಿಳಿದು ಹೂಳು ತೆಗೆಯಲಿಕ್ಕೂ ಹೌದು. ಕಟ್ಟುವಾಗಲೇ ನಾಳೆಯ ದುರಸ್ತಿಗೆ ದಾರಿ ಬಿಟ್ಟಿದ್ದರು! ಕಾಲಾಂತರದಲ್ಲಿ ನೋಡುವವರಿಲ್ಲದೆ ನೌಬಾದಿನ ಕರೇಜ್ ಹೂಳು ಕಸದಿಂದ ಮುಚ್ಚಿಹೋಯಿತು. 2010ರ ದಶಕದಲ್ಲಿ ಬೀದರಿನ ಯುವಕರು, ತಜ್ಞರು, ಆಡಳಿತ ಸೇರಿ ಹೂಳು ತೆಗೆಸಿದ ಮೇಲೆ ಮತ್ತೆ ನೀರು ಕಂಡಿತು.

ಎರಡನೆಯ ಸಲ

ಶಿಕ್ಷಕಿಯಾದ ಮೇಲೆ ಒಂಬತ್ತನೇ ತರಗತಿಯ ಎಂಟು ಮಕ್ಕಳನ್ನು ಕರೆದುಕೊಂಡು ನಾನು ಅದೇ ಹಳ್ಳಿಗೆ ಹೋದೆ. ಎಂಟರಲ್ಲಿ ಐವರು ಹುಡುಗಿಯರು. ಮನೆಗಳಲ್ಲಿ ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. "ನಮ್ಮ ಬೀದಿಯಲ್ಲೇ ನೀರಿಲ್ಲ, ಹಳ್ಳಿಗೆ ಯಾಕೆ?" ಎಂದು ಒಬ್ಬ ತಂದೆ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಕೊನೆಗೆ ಅವರೇ ತಮ್ಮ ಗೂಡ್ಸ್ ಆಟೊ ತಂದು ಸಾಮಾನು ಸಾಗಿಸಿದರು.

ಮೊದಲ ಭೇಟಿಯಲ್ಲಿ ಯಾವ ಕೆಲಸಕ್ಕೂ ಕೈ ಹಾಕಕೂಡದು, ಬರೀ ಕೇಳಬೇಕು ಎಂದು ಮಕ್ಕಳಿಗೆ ಹೇಳಿದ್ದೆ. ನಮ್ಮ ಹುಡುಗನೊಬ್ಬ ಒಬ್ಬ ಅಜ್ಜಿಯ ಮುಂದೆ ನಿಂತು, "ತಾವು ಯಾವ ಜಲಮೂಲವನ್ನು ಉಪಯೋಗಿಸುತ್ತೀರಿ?" ಎಂದು ಪುಸ್ತಕದ ಕನ್ನಡದಲ್ಲಿ ಕೇಳಿದ. ಅಜ್ಜಿ ಬಾಯಿಗೆ ಸೆರಗಿಟ್ಟು ನಕ್ಕರು. ಪಕ್ಕದಲ್ಲಿದ್ದ ಹುಡುಗಿ, "ಕುಡಿಯಾಕ್ ನೀರ್ ಎಲ್ಲಿಂದ ತತ್ತೀರಜ್ಜಿ?" ಎಂದಳು. ಅಜ್ಜಿ ಅರ್ಧ ಗಂಟೆ ಮಾತನಾಡಿದರು! ಕನ್ನಡ ಪಾಠದ ಒಂದು ವರ್ಷದ ಕೆಲಸ ಅಂದು ಅರ್ಧ ಗಂಟೆಯಲ್ಲಿ ಆಯಿತು.

ಕೇಳಿದ್ದರಿಂದ ಗೊತ್ತಾದದ್ದೇನು? ಬೋರ್‌ವೆಲ್ ನೀರು ಗಡಸು, ಅದರಲ್ಲಿ ಬೇಳೆ ಬೇಯುವುದಿಲ್ಲ. ಹಿಂದೆ ಹೆಂಗಸರು ಸೂರಿನ ಕೆಳಗೆ ಪಾತ್ರೆಯಿಟ್ಟು ಮಳೆನೀರು ಹಿಡಿದು ಬೇಳೆ ಬೇಯಿಸುತ್ತಿದ್ದರು. ಅಂದರೆ ಮಳೆನೀರು ಬೇಕಾಗಿದ್ದದ್ದು ಅಡುಗೆಮನೆಗೆ. ನಾವು ನಲ್ಲಿ ಹಾಕಿದ್ದು ಗೇಟಿಗೆ.

ಎರಡನೆಯ ಭೇಟಿಯಲ್ಲಿ ನಲ್ಲಿಯನ್ನು ಅಡುಗೆಮನೆಯ ಪಕ್ಕಕ್ಕೆ ತಂದೆವು. ಊರಿನ ಗಾರೆಯವರು ಅರ್ಧ ದಿನದ ಕೆಲಸ ಪುಕ್ಕಟೆ ಮಾಡಿಕೊಟ್ಟರು. ಮಾಳಿಗೆಯ ನೀರು ಪೈಪಿಗೆ ಇಳಿಯುವಲ್ಲಿ ಜಾಲರಿ ಹಾಕಿದೆವು. ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗಲು ಬೇರೆ ಬಾಯಿ ಇಟ್ಟೆವು. ಜಾಲರಿ ಗುಡಿಸುವ ಸರದಿ ಏಳನೇ ತರಗತಿಯ ಮಕ್ಕಳದು. ಎಸ್‌ಡಿಎಂಸಿ ಸದಸ್ಯರು ತಿಂಗಳಿಗೆ ಇಷ್ಟೆಂದು ಹಾಕುವ ಒಂದು ಡಬ್ಬಿ, ಅದರ ಲೆಕ್ಕ ಬಿಸಿಯೂಟದ ಅಮ್ಮನ ಕೈಯಲ್ಲಿ. ಫಲಕಕ್ಕೆ ಹೊಸ ಹೆಸರು ಬರೆಸಲಿಲ್ಲ.

ಮರುವರ್ಷ ನಾವು ಹೋದಾಗ ನಲ್ಲಿ ಬೇರೆಯದಾಗಿತ್ತು. ನಾವು ಹಾಕಿದ್ದು ಕೆಟ್ಟು, ಅವರೇ ಹೊಸದು ತಂದು ಹಾಕಿಕೊಂಡಿದ್ದರು. ನಮಗೆ ಯಾರೂ ಫೋನ್ ಮಾಡಿರಲಿಲ್ಲ, ಮಾಡುವ ಅಗತ್ಯವೂ ಬಂದಿರಲಿಲ್ಲ. ನನ್ನ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಬಹುಮಾನ ನನಗೆ ಸಿಕ್ಕಿಲ್ಲ.

ನೀವು ಮಾಡಬಹುದಾದದ್ದು

ಮಕ್ಕಳೇ, ಕೆಲವು ಮಾತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಒಂದು, ಲೆಕ್ಕ ಹಾಕಿ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮೈಸೂರಿನ ವರ್ಷದ ಮಳೆ ಸುಮಾರು 800 ಮಿಲಿಮೀಟರ್ ಎಂದಿಟ್ಟುಕೊಳ್ಳಿ. 50 ಚದರ ಮೀಟರ್ ಮಾಳಿಗೆಗೆ 40,000 ಲೀಟರ್. ಪೋಲಾಗುವುದನ್ನು ಕಳೆದರೂ 30,000 ಲೀಟರಿಗೆ ಮೋಸವಿಲ್ಲ. ನೂರು ಮಕ್ಕಳು ದಿನಕ್ಕೆ ಒಂದೂವರೆ ಲೀಟರಿನಂತೆ ಕುಡಿದರೆ 150 ಲೀಟರ್, ಅಂದರೆ 200 ದಿನಕ್ಕೆ ಸಾಕು. ಆದರೆ ಟ್ಯಾಂಕು 2,000 ಲೀಟರಿನದಾದರೆ ಅದು ಹದಿಮೂರು ದಿನಕ್ಕೆ ಖಾಲಿ. ಮಳೆ ಎಷ್ಟು ಬರುತ್ತದೆ ಎಂಬುದರ ಜೊತೆಗೆ ಎಷ್ಟು ಹಿಡಿದಿಡಬಲ್ಲೆವು ಎಂಬುದನ್ನೂ ನೋಡಬೇಕು. ಈ ಲೆಕ್ಕಕ್ಕೆ ಏಳನೇ ತರಗತಿಯ ಗಣಿತ ಸಾಕು.

ಎರಡು, ಕಣ್ಣನ್ನು ನಂಬಬೇಡಿ. ತಿಳಿಯಾಗಿರುವ ನೀರೆಲ್ಲ ಶುದ್ಧವಲ್ಲ. ಎಚ್2ಎಸ್ ಪರೀಕ್ಷೆಯ ಪುಟ್ಟ ಬಾಟಲಿಯಲ್ಲಿ ನೀರು ತುಂಬಿ ಒಂದೆರಡು ದಿನ ಇಟ್ಟಾಗ ಅದು ಕಪ್ಪಾದರೆ ನೀರಿಗೆ ಮಲದ ಕಲ್ಮಶ ಸೇರಿರುವ ಸಂಶಯವಿದೆ ಎಂದು ಅರ್ಥ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ನೀವು ಹೋಗುವ ಹಳ್ಳಿಯಲ್ಲಿ ಆ ಐವರು ಯಾರು, ಕಿಟ್ ಎಲ್ಲಿದೆ ಎಂದು ಮೊದಲು ವಿಚಾರಿಸಿ. ಅವರ ಕೆಲಸವನ್ನು ನೀವು ಮಾಡಬೇಡಿ, ಅವರ ಜೊತೆ ನಿಲ್ಲಿ.

ಮೂರು, ಕಾಯಿಲೆ ತಿಳಿದು ಮದ್ದು ಹುಡುಕಿ. ಕುದಿಸಿದರೆ ರೋಗಾಣು ಸಾಯುತ್ತದೆ. ಪಾವಗಡ, ಕೋಲಾರದ ಕಡೆಯ ಬೋರ್‌ವೆಲ್‌ಗಳಲ್ಲಿರುವಂಥ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ನೀರು ಆರಿದಷ್ಟೂ ಹೆಚ್ಚಾಗುತ್ತದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಹಲ್ಲು, ಮೂಳೆಗೆ ಅಪಾಯ. ಅಲ್ಲಿ ಮಳೆನೀರೇ ಅಮೃತ.

ನಾಲ್ಕು, ಮೂರು ಸಲ ಹೋಗಿ. ಕೇಳಲು ಒಮ್ಮೆ, ಕಟ್ಟಲು ಒಮ್ಮೆ, ಒಂದು ವರ್ಷದ ಮೇಲೆ ನೋಡಲು ಒಮ್ಮೆ. ಮೂರನೆಯ ಸಲ ಹೋಗುವ ಮನಸ್ಸಿಲ್ಲದಿದ್ದರೆ ಮೊದಲನೆಯ ಸಲವೂ ಹೋಗಬೇಡಿ.

ಸಂಸ್ಥೆಯ ಹಿರಿಯರಲ್ಲಿ ಒಂದು ಬಿನ್ನಹ. ಬೋರ್‌ವೆಲ್ಲಿಗೋ ಕೂಲರಿಗೋ ಹಣ ಕೊಡುವ ದಾನಿಗಳು ನಮ್ಮಲ್ಲಿ ಇದ್ದಾರೆ, ಅಲ್ಲಾಹನು ಅವರಿಗೆ ಬರ್ಕತ್ ನೀಡಲಿ. ಕೊಡುವ ಪ್ರತಿ ನೂರು ರೂಪಾಯಿಯಲ್ಲಿ ಹತ್ತು ರೂಪಾಯಿಯನ್ನು ದುರಸ್ತಿಗೆಂದು ಬೇರೆ ತೆಗೆದಿಡಲು ಅವರನ್ನು ಕೇಳಿ. ಉದ್ಘಾಟನೆಯ ಫೋಟೊದ ಪಕ್ಕದಲ್ಲಿ ಒಂದು ವರ್ಷದ ನಂತರದ ಫೋಟೊವನ್ನೂ ಈ ವಾರ್ಷಿಕ ಸಂಚಿಕೆಯಲ್ಲಿ ಅಚ್ಚು ಹಾಕಿ. ಚೆನ್ನಾಗಿಲ್ಲದಿದ್ದರೂ ಹಾಕಿ.

ಆ ತಂದೆಯ ಪ್ರಶ್ನೆಗೆ ಉತ್ತರ ಹೇಳಿ ಮುಗಿಸುತ್ತೇನೆ. ನಮ್ಮ ಬೀದಿಯಲ್ಲೇ ನೀರಿಲ್ಲದಿರುವಾಗ ಹಳ್ಳಿಗೆ ಯಾಕೆ? ಹಳ್ಳಿಯಿಂದ ಬಂದ ಮೇಲೆ ಅವರ ಮಗಳು ತನ್ನ ಬೀದಿಯಲ್ಲಿ ಸೋರುತ್ತಿದ್ದ ಪೈಪಿನ ಬಗ್ಗೆ ತಾನೇ ಅರ್ಜಿ ಬರೆದು, ಹತ್ತು ಮನೆಯವರ ಸಹಿ ಹಾಕಿಸಿ ಕಚೇರಿಗೆ ಕೊಟ್ಟು ಬಂದಳು. ಎರಡನೆಯ ಅರ್ಜಿಗೆ ದುರಸ್ತಿಯಾಯಿತು. ಅರ್ಜಿಯ ಕನ್ನಡದಲ್ಲಿ ನಾಲ್ಕು ಕಾಗುಣಿತದ ತಪ್ಪಿದ್ದವು. ನಾನು ತಿದ್ದಲಿಲ್ಲ.

ಸರ್ವಶಕ್ತನಾದ ಅಲ್ಲಾಹನು ನಮ್ಮ ಸೇವೆಯನ್ನು ಹರಿಯುತ್ತಲೇ ಇರುವಂತೆ ಮಾಡಲಿ. ಆಮೀನ್.